ಪಾರ್ಮಾನೋ ಪಾರ್ಮಿನೋ? ಆಸ್ಟ್ರೇಲಿಯಾದ ಪಬ್ ಊಟದ ಹೆಸರು

ಆಸ್ಟ್ರೇಲಿಯಾದ ಒಂದು ಕತೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಮೆಲ್ಬರ್ನಿನವನೊಬ್ಬ ಪಬ್‌ನಲ್ಲಿ ಕೂತು 'ಪಾರ್ಮಾ' ತರಿಸುತ್ತಾನೆ, ಸಿಡ್ನಿಯ ಗೆಳತಿ ಅದನ್ನೇ 'ಪಾರ್ಮಿ' ಅನ್ನುತ್ತಾಳೆ, ಅಲ್ಲೇ ವಾದ ಶುರುವಾಗುತ್ತದೆ. ತಿನಿಸು ಮಾತ್ರ ಒಂದೇ. ಕೋಳಿಯ ಎದೆಮಾಂಸವನ್ನು ಚಪ್ಪಟೆಯಾಗಿ ಬಡಿದು, ಬ್ರೆಡ್ ಪುಡಿ ಹಚ್ಚಿ ಕರಿದು, ಮೇಲೆ ಟೊಮೆಟೊ ಸಾಸ್, ಎಷ್ಟೋ ಕಡೆ ತೆಳ್ಳನೆಯ ಹ್ಯಾಮ್, ಅದರ ಮೇಲೆ ಚೀಸ್ ಹಾಕಿ ಕರಗಿ ಕಂದು ಚುಕ್ಕೆ ಬೀಳೋ ತನಕ ಬೇಯಿಸುತ್ತಾರೆ. ಜೊತೆಗೆ ಚಿಪ್ಸ್ (ಅಂದರೆ ಬಿಸಿಬಿಸಿ ಆಲೂಗಡ್ಡೆ ಫ್ರೈಸ್), ಸಲಾಡ್. ಚಿಪ್ಸನ್ನು ಕೋಳಿಯ ಅಡಿಗೆ ಇಟ್ಟರೆ ಮೆತ್ತಗಾಗುತ್ತೆ ಅಂತ ಅಲ್ಲಿ ಅದಕ್ಕೂ ಜಗಳ ಇದೆ!

ಎರಡೂ 'ಪಾರ್ಮಿಜಾನಾ' ಅನ್ನೋ ಇಟಾಲಿಯನ್ ಪದದ ಮೊಟಕು ರೂಪಗಳು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಪಾರ್ಮಾ, ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲೆಂಡ್, ಸೌತ್ ಆಸ್ಟ್ರೇಲಿಯಾ ಕಡೆ ಜಾಸ್ತಿ ಪಾರ್ಮಿ. ಬಾರ್ಬಿಕ್ಯೂ ಅನ್ನೋದನ್ನ ಬಾರ್ಬಿ, ಬ್ರೇಕ್‌ಫಾಸ್ಟನ್ನ ಬ್ರೆಕಿ ಅನ್ನುವ ಜನ ಅವರು, ಹಾಗಾಗಿ ಪಾರ್ಮಿ ಆ ಸಾಲಿಗೇ ಸೇರುತ್ತದೆ.

ಮೂಲ ತಿನಿಸಿನಲ್ಲಿ ಕೋಳಿಯೇ ಇಲ್ಲ. ಇಟಲಿಯ ದಕ್ಷಿಣದಲ್ಲಿ ಪಾರ್ಮಿಜಾನಾ ಅಂದರೆ ಬದನೆಕಾಯಿ. ಹೋಳು ಮಾಡಿ ಕರಿದು, ಸಾಸ್ ಮತ್ತು ಚೀಸ್ ನಡುವೆ ಪದರಪದರವಾಗಿ ಜೋಡಿಸಿ ಬೇಯಿಸುವುದು. ಪದಕ್ಕೆ ನೇರವಾಗಿ 'ಪಾರ್ಮಾ ಊರಿನ' ಅಂತ ಅರ್ಥ, ಆದರೆ ಆ ಊರು ಇರೋದು ಉತ್ತರದಲ್ಲಿ. ಅದಕ್ಕೇ ಕೆಲವರು ಇದು ಸಿಸಿಲಿಯ 'ಪಾರ್ಮಿಚಾನಾ'ದಿಂದ ಬಂತು ಅನ್ನುತ್ತಾರೆ. ಹಾಗಂದರೆ ಕಿಟಕಿ ಬಾಗಿಲಿನಲ್ಲಿ ಒಂದರ ಮೇಲೊಂದು ಅರ್ಧ ಕೂರುವ ಮರದ ಪಟ್ಟಿಗಳು, ಬದನೆ ಹೋಳುಗಳನ್ನೂ ಹಾಗೇ ಜೋಡಿಸುತ್ತಾರಲ್ಲ. ಕೇಳೋಕೆ ಚೆನ್ನಾಗಿದೆ. ಆದರೂ ನನಗೆ ಪಾರ್ಮಾ ಸೀಮೆಯ ಪಾರ್ಮಿಜಾನೋ ಚೀಸಿನಿಂದಲೇ ಹೆಸರು ಬಂತು ಅನ್ನೋದು ಹೆಚ್ಚು ಸರಿ ಅನಿಸುತ್ತದೆ, ಚೀಸ್ ಊರು ಬಿಟ್ಟು ಎಷ್ಟು ದೂರ ಬೇಕಾದರೂ ಹೋಗುತ್ತದೆ ಅಲ್ವಾ.

ಇಂಗ್ಲೆಂಡಿನ ಮಿಡಲ್ಸ್‌ಬರೋ ಕಡೆ ಇದಕ್ಕೊಬ್ಬ ದಾಯಾದಿ ಇದ್ದಾನೆ, 'ಪಾರ್ಮೋ'. ಅದರಲ್ಲಿ ಟೊಮೆಟೊ ಇಲ್ಲ, ಹಾಲು ಮೈದಾ ಬೆಣ್ಣೆಯ ಬೆಶಮೆಲ್ ಸಾಸ್, ಮೇಲೆ ಚೆಡ್ಡಾರ್ ಚೀಸ್. ಪಾರ್ಮಾ ಅಂತ ಓದಿದವರು ಇದನ್ನು ನೆನೆಸಿಕೊಳ್ಳಬಾರದು.

ಹೀಗಾಗಿ 'ಪಾರ್ಮಾ ಊರಿನ ಕೋಳಿ' ಅಂತ ಅನುವಾದಿಸೋದು ತಪ್ಪು. 'ಚೀಸ್ ಕೋಳಿ' ಅಂದರೆ ಜಗಳಕ್ಕೇ ಕಾರಣ ಉಳಿಯಲ್ಲ. ಎರಡೂ ಹೆಸರನ್ನು ಹಾಗೇ ಇಟ್ಟು, ಮೊದಲ ಸಲ ಬಂದಾಗ ತಟ್ಟೆಯಲ್ಲಿ ಏನಿದೆ ಅಂತ ಪಾತ್ರದ ಬಾಯಲ್ಲೇ ಹೇಳಿಸೋಣ ಅಂದುಕೊಂಡಿದ್ದೇನೆ. ಆಸ್ಟ್ರೇಲಿಯಾದಲ್ಲಿ ಇರುವವರು ಹೇಳಿ, ನೀವು ಮನೆಯಲ್ಲಿ ಕನ್ನಡ ಮಾತಾಡುವಾಗ 'ಪಾರ್ಮಾ ತಿಂದೆ' ಅಂತೀರಾ, 'ಪಾರ್ಮಿ ತಿಂದೆ' ಅಂತೀರಾ?