ಮಾಸ್ತರಿಗೊಂದು ಪ್ರಶ್ನೆ: ‘ಡೌನ್’ ಇದ್ದಮೇಲೆ ‘ಟು’ ಯಾಕೆ ಬೇಕು?

ಪ್ರಶ್ನೆ (ಟ್ಯಾಕ್ಸಿ ಚಾಲಕ, ಕುಮಟಾ):
ನಮಸ್ಕಾರ ಮಾಸ್ತರೆ. ನಾನು ಗೋಕರ್ಣ, ಯಾಣ, ಸಿರ್ಸಿ ಕಡೆ ಗಾಡಿ ಓಡಿಸುವವ. ಸೀಸನ್ನಿನಲ್ಲಿ ಫಾರಿನ್ನಿನವರೇ ಜಾಸ್ತಿ. ದರ, ಊಟ, ರೂಮು ಇದೆಲ್ಲ ಹೇಗೋ ಸುಧಾರಿಸುತ್ತೇನೆ. ಓಡಾಟದ ಮಾತು ಬಂದರೆ ಮಾತ್ರ ತಲೆಬುಡ ಹತ್ತುವುದಿಲ್ಲ. ಒಬ್ಬರು ‘ಡ್ರೈವ್ ಅಪ್ ದ ಘಾಟ್’ ಅಂದರು, ಅವರೇ ಆಮೇಲೆ ‘ಡ್ರೈವ್ ಅಪ್ ಟು ಸಿರ್ಸಿ’ ಅಂದರು, ಸಂಜೆಗೆ ‘ಕಮ್ ಬ್ಯಾಕ್ ಡೌನ್ ಟು ಕುಮಟಾ’. ಒಂದು ಕಡೆ ಟು ಇಲ್ಲ, ಇನ್ನೊಂದು ಕಡೆ ಇದೆ, ಮತ್ತೊಂದು ಕಡೆ ಸಣ್ಣ ಸಣ್ಣ ಪದ ಮೂರು ಸಾಲಾಗಿ ಬಂದವು. ಮಗಳ ಪುಸ್ತಕದಲ್ಲಿ ಫ್ರೇಸಲ್ ವರ್ಬು ಅಂತ, ಕ್ರಿಯಾಪದಕ್ಕೆ ಇಂಥ ಸಣ್ಣ ಪದ ಸೇರಿ ಆದ ಜೋಡಿಗಳ ಉದ್ದ ಪಟ್ಟಿ ಇದೆ. ಅದನ್ನೇ ಬಾಯಿಪಾಠ ಮಾಡಬೇಕಾ?

ಉತ್ತರ (ಇಂಗ್ಲಿಷ್ ಉಪನ್ಯಾಸಕ, ಕಾರವಾರ):
ಪಟ್ಟಿ ಮಗಳಿಗೇ ಇರಲಿ. ‘ಗಿವ್ ಅಪ್’ (ಕೈಬಿಡು), ‘ಪುಟ್ ಆಫ್’ (ಮುಂದೂಡು) ಇಂಥವನ್ನು ಬಾಯಿಪಾಠ ಮಾಡದೆ ಉಪಾಯವಿಲ್ಲ, ಬಿಡಿಸಿದರೆ ಅರ್ಥ ಸಿಗುವುದಿಲ್ಲ. ಓಡಾಟದ ಮಾತು ಹಾಗಲ್ಲ, ಅಲ್ಲಿ ಒಂದೊಂದು ಪದವೂ ತನ್ನ ಅರ್ಥವನ್ನೇ ಹೇಳುತ್ತದೆ.

‘ಕಮ್ ಬ್ಯಾಕ್ ಡೌನ್ ಟು ಕುಮಟಾ’ವನ್ನೇ ಬಿಡಿಸಿ. ‘ಕಮ್’ ಅಂದರೆ ಬರುವುದು. ‘ಬ್ಯಾಕ್’ ಅಂದರೆ ಹೊರಟಲ್ಲಿಗೇ ವಾಪಸ್. ‘ಡೌನ್’ ಅಂದರೆ ಕೆಳಮುಖ. ಇಷ್ಟರಲ್ಲಿ ದಿಕ್ಕು ತಿಳಿಯಿತು, ಊರು ತಿಳಿಯಲಿಲ್ಲ. ಊರು ಹೇಳಲಿಕ್ಕೆ ‘ಟು’ ಬೇಕು. ‘ಕುಮಟೆಗೆ’ ಅನ್ನುವಾಗ ಕೊನೆಗೆ ಬರುವ ‘ಗೆ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ; ‘ಫ್ರಮ್’ ಬಂದರೆ ನಮ್ಮ ‘ಇಂದ’. ಅಂದರೆ ಬ್ಯಾಕ್, ಡೌನ್, ಅಪ್, ಔಟ್, ಅವೇ ಇವೆಲ್ಲ ಕ್ರಿಯಾಪದದ ಪೈಕಿ, ಟು ಮತ್ತು ಫ್ರಮ್ ಊರಿನ ಪೈಕಿ. ಪರೀಕ್ಷೆ ಮಾಡಬೇಕಾದರೆ ಊರಿನ ಹೆಸರು ತೆಗೆದು ನೋಡಿ. ‘ಕಮ್ ಬ್ಯಾಕ್ ಡೌನ್’ ಅಂತ ನಿಲ್ಲಿಸಬಹುದು. ‘ಕಮ್ ಬ್ಯಾಕ್ ಡೌನ್ ಟು’ ಅಂತ ನಿಲ್ಲಿಸಿದರೆ ಎದುರಿನವರು ನಿಮ್ಮ ಮುಖ ನೋಡುತ್ತಾರೆ.

ನಮಗೆ ಇದು ತೊಡಕಾಗುವುದಕ್ಕೆ ಕಾರಣ ಬೇರೆ ಇದೆ. ಕನ್ನಡದಲ್ಲಿ ಹೋಗುವ ದಾರಿಯೆಲ್ಲ ಕ್ರಿಯಾಪದದ ಹೊಟ್ಟೆಯಲ್ಲೇ ಇರುತ್ತದೆ: ಹತ್ತು, ಇಳಿ, ದಾಟು, ಹೊಗು, ಸೇರು. ‘ದೋಣಿ ತೇಲುತ್ತಾ ಅಳಿವೆ ದಾಟಿ ಸಮುದ್ರ ಸೇರಿತು’ ಅನ್ನುತ್ತೇವೆ. ತೇಲುವುದು, ದಾಟುವುದು, ಸೇರುವುದು ಅಂತ ಮೂರು ಕ್ರಿಯೆ ಬಂದವು. ಇಂಗ್ಲಿಷಿನವರು ‘ದ ಬೋಟ್ ಡ್ರಿಫ್ಟೆಡ್ ಔಟ್ ಆಫ್ ದ ರಿವರ್ ಇಂಟು ದ ಸೀ’ ಅಂದು ಮುಗಿಸುತ್ತಾರೆ. ಅಲ್ಲಿ ಕ್ರಿಯೆ ಒಂದೇ, ಅದೂ ಹೇಗೆ ಹೋಯಿತು ಅನ್ನುವುದಷ್ಟನ್ನೇ ಹೇಳುತ್ತದೆ. ನದಿ ಬಿಟ್ಟಿದ್ದು ‘ಔಟ್ ಆಫ್’ನಲ್ಲಿ, ಸಮುದ್ರ ಸೇರಿದ್ದು ‘ಇಂಟು’ವಿನಲ್ಲಿ. ಭಾಷೆಗಳನ್ನು ಹೀಗೆ ಎರಡು ಬಗೆಯಾಗಿ ವಿಂಗಡಿಸಬಹುದು ಎಂದು ತೋರಿಸಿದವರು ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ. ಇಂಗ್ಲಿಷ್, ಜರ್ಮನ್, ರಷ್ಯನ್ ಒಂದು ಕಡೆ. ದಾರಿಯನ್ನು ಕ್ರಿಯಾಪದದಲ್ಲೇ ಇಡುವ ಸ್ಪ್ಯಾನಿಷ್ ಇನ್ನೊಂದು ಕಡೆ. ನಮ್ಮ ಕನ್ನಡ ಸ್ಪ್ಯಾನಿಷ್ ಕಡೆಗೇ ವಾಲುತ್ತದೆ.

ಇನ್ನು ನಿಮ್ಮ ಘಟ್ಟ. ‘ಡ್ರೈವ್ ಅಪ್ ದ ಘಾಟ್’ ಅಂದರೆ ದೇವಿಮನೆ ಘಟ್ಟದ ರಸ್ತೆಯ ಮೇಲೇ ಏರುತ್ತಾ ಹೋಗುವುದು. ಇಲ್ಲಿ ಘಟ್ಟವೇ ದಾರಿ, ಹಾಗಾಗಿ ಟು ಬೇಡ. ‘ಡ್ರೈವ್ ಅಪ್ ಟು ದ ಘಾಟ್’ ಅಂದರೆ ಘಟ್ಟದ ಬುಡಕ್ಕೆ ಹೋದರೂ ಸಾಕು, ಅಲ್ಲಿ ಘಟ್ಟ ಮುಟ್ಟುವ ಜಾಗ. ಸಿರ್ಸಿಯೂ ಮುಟ್ಟುವ ಜಾಗವೇ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿರುವುದರಿಂದ ಕುಮಟಾದವರಿಗೆ ಅದು ‘ಅಪ್’, ಊರಾದ್ದರಿಂದ ‘ಟು’.

ಪ್ರತಿಕ್ರಿಯೆ (ಯಲ್ಲಾಪುರ):
ಅಪ್ ಟು ಅಂದರೆ ‘ವರೆಗೆ’ ಅಲ್ಲವಾ ಮಾಸ್ತರೆ? ಟಿಕೆಟ್ ತೆಗೆಯುವಾಗ ‘ಹುಬ್ಬಳ್ಳಿ ಅಪ್ಟು’ ಅಂತಲೇ ನಾವೆಲ್ಲ ಹೇಳುವುದು.

ಉತ್ತರ:
ಆ ಅರ್ಥವೂ ಇದೆ, ಗೊಂದಲಕ್ಕೆ ಮೂಲವೂ ಅದೇ. ಮೂರನೆಯದೊಂದು ಅರ್ಥವೂ ಇದೆ: ‘ಹಿ ವಾಕ್ಡ್ ಅಪ್ ಟು ದ ಪೊಲೀಸ್’ ಅಂದಾಗ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಡೆದು ಹತ್ತಿರ ಹೋಗಿ ಎದುರು ನಿಂತ, ಅಷ್ಟೆ. ಕಿವಿ ಕೊಟ್ಟು ಕೇಳಿ, ಇಂಥಲ್ಲಿ ‘ಅಪ್’ ಒತ್ತಿ ಹೇಳುತ್ತಾರೆ, ‘ಟು’ ಬರೀ ‘ಟ’ ಅಂದಹಾಗೆ ತೇಲಿ ಹೋಗುತ್ತದೆ. ಅದು ಕೇಳಿಸಲಿಲ್ಲವೆಂದು ಬೇಸರ ಬೇಡ, ಅವರು ನುಂಗಿಯೇ ಹೇಳುತ್ತಾರೆ.

ಪ್ರಶ್ನೆ (ಬಿ.ಎ. ವಿದ್ಯಾರ್ಥಿನಿ, ಸಿರ್ಸಿ):
ಸರ್, ‘ಎಂಟರ್ಡ್ ಇಂಟು ದ ರೂಮ್’, ‘ರಿಟರ್ನ್ಡ್ ಬ್ಯಾಕ್’, ‘ರೀಚ್ಡ್ ಟು ಸಿರ್ಸಿ’ ಮೂರಕ್ಕೂ ನಮ್ಮ ಮೇಡಂ ಕೆಂಪು ಗೆರೆ ಎಳೆದಿದ್ದಾರೆ. ‘ಗೋ ಇಂಟು’, ‘ಗೋ ಬ್ಯಾಕ್’ ಸರಿಯಾದರೆ ಇವು ಯಾಕೆ ತಪ್ಪು?

ಉತ್ತರ:
ಮೇಡಂ ಸರಿಯೇ ಇದ್ದಾರೆ ತಂಗಿ. ಇಂಗ್ಲಿಷಿನೊಳಗೆ ಎರಡು ಮನೆತನದ ಪದಗಳಿವೆ. ಗೋ, ಕಮ್, ರನ್ ಇವು ಹಳೆಯ ಇಂಗ್ಲಿಷಿನವು, ದಿಕ್ಕು ಹೇಳಲಿಕ್ಕೆ ಪಕ್ಕದಲ್ಲೊಂದು ಸಣ್ಣ ಪದ ಬೇಕೇ ಬೇಕು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್, ಲ್ಯಾಟಿನ್ ಮೂಲದ ಪದಗಳು ರಾಶಿರಾಶಿಯಾಗಿ ಬಂದವು. ಎಂಟರ್, ರಿಟರ್ನ್, ಡಿಸೆಂಡ್, ಅಸೆಂಡ್ ಎಲ್ಲ ಆ ಕಡೆಯವು. ಇವು ನಮ್ಮ ‘ಹೊಗು’, ‘ಇಳಿ’ ಇದ್ದ ಹಾಗೆ, ದಿಕ್ಕನ್ನು ಒಳಗೇ ಇಟ್ಟುಕೊಂಡಿವೆ. ‘ಎಂಟರ್’ನಲ್ಲಿ ಒಳಗೆ ಅನ್ನುವುದು ಇದೆ, ಮತ್ತೆ ಇಂಟು ಹಾಕಿದರೆ ಎರಡು ಸಲ ಹೇಳಿದಂತೆ. (ಒಪ್ಪಂದ, ಮಾತುಕತೆ ಇಂಥವಕ್ಕೆ ‘ಎಂಟರ್ ಇಂಟು’ ನಡೆಯುತ್ತದೆ.) ‘ರೀಚ್’ ಹಳೆಯ ಇಂಗ್ಲಿಷಿನ ಪದವೇ, ಆದರೂ ಊರು ಮುಟ್ಟುವ ಅರ್ಥದಲ್ಲಿ ಟು ಹತ್ತಿರ ಸೇರಿಸುವುದಿಲ್ಲ. ‘ಅರೈವ್’ ಫ್ರೆಂಚಿನಿಂದ ಬಂದಿದ್ದರೂ ಊರಿಗೆ ‘ಇನ್’ ಅಥವಾ ‘ಅಟ್’ ಕೇಳುತ್ತದೆ. ಇವೆರಡನ್ನು ಬಾಯಿಪಾಠವೇ ಮಾಡಬೇಕು, ನನ್ನ ಹತ್ತಿರ ಬೇರೆ ಮದ್ದಿಲ್ಲ.

ಪ್ರಶ್ನೆ (ಪ್ರವಾಸಿ ದೋಣಿ ನಡೆಸುವವರು, ಕಾರವಾರ):
ದೋಣಿಗೆ ಗೆಟ್ ಇನ್ನೋ ಗೆಟ್ ಆನ್ನೋ?

ಉತ್ತರ:
ಕಾಳಿ ನದಿಯಲ್ಲಿ ಕುಳಿತೇ ಹೋಗುವ ಸಣ್ಣ ದೋಣಿಯಾದರೆ ‘ಗೆಟ್ ಇನ್’, ಇಳಿಯುವಾಗ ‘ಗೆಟ್ ಔಟ್ ಆಫ್’. ಎದ್ದು ಓಡಾಡುವಷ್ಟು ಜಾಗವಿರುವ ಬಸ್ಸು, ರೈಲು, ಹಡಗಿಗೆ ‘ಗೆಟ್ ಆನ್’, ‘ಗೆಟ್ ಆಫ್’. ಕಾರಿಗೆ ದೋಣಿಯದೇ ಲೆಕ್ಕ. ಬೈಕಿಗೆ ಮಾತ್ರ ಆನ್–ಆಫ್, ಅದರ ಒಳಗೆ ಕೂರಲಿಕ್ಕೆ ಆಗುವುದಿಲ್ಲವಲ್ಲ. ಕುಮಟಾದ ಟ್ಯಾಕ್ಸಿಯವರಿಗೂ ಒಂದು ಮಾತು: ಗಿರಾಕಿಗೆ ಬರೀ ‘ಗೆಟ್ ಔಟ್’ ಅಂದುಬಿಡಬೇಡಿ, ಬೈಗುಳ ಆಗುತ್ತದೆ. ‘ಯು ಕ್ಯಾನ್ ಗೆಟ್ ಔಟ್ ಹಿಯರ್’ ಅಂದರೆ ಮರ್ಯಾದೆ. ‘ಹಿಯರ್’, ‘ದೇರ್’, ‘ಹೋಮ್’ ಇವುಗಳಿಗೆ ಟು ಬೇಕಿಲ್ಲ, ‘ಗೋ ಬ್ಯಾಕ್ ಹೋಮ್’ ಸಾಕು.

ಪ್ರಶ್ನೆ (ಪಾಲಕರು, ಅಂಕೋಲಾ):
‘ಆನ್ ಟು’ ಕೂಡಿಸಿ ಬರೆಯುವುದೋ ಬಿಡಿಸಿ ಬರೆಯುವುದೋ? ಮಗ ಎಸ್ಸೆಸ್ಸೆಲ್ಸಿ.

ಉತ್ತರ:
ಕೂಡಿಸಿದರೆ ‘ಮೇಲಕ್ಕೆ’, ಬಿಡಿಸಿದರೆ ‘ಮುಂದೆ ಸಾಗಿ ಅಲ್ಲಿಗೆ’. ಮೀನು ಬಲೆಯಿಂದ ದೋಣಿಯ ಹಲಗೆ ಮೇಲೆ ಹಾರಿದರೆ ಕೂಡಿಸಿ. ಕಾರವಾರದಿಂದ ಸೇತುವೆ ದಾಟಿ ಸದಾಶಿವಗಡ, ಅಲ್ಲಿಂದ ಮುಂದೆ ಗೋವಾ ಅನ್ನುವಾಗ ‘ಓವರ್ ದ ಬ್ರಿಜ್ ಟು ಸದಾಶಿವಗಡ್ ಆ್ಯಂಡ್ ಆನ್ ಟು ಗೋವಾ’, ಇಲ್ಲಿ ಬಿಡಿಸಿ. ‘ಇಂಟು’ವಿನಲ್ಲೂ ಇಂಥದೇ ಸೂಕ್ಷ್ಮ ಇದೆ. ‘ದ ಡ್ರೈವರ್ ಟರ್ನ್ಡ್ ಇಂಟು ಅ ಹೋಟೆಲ್’ ಅಂದರೆ ಗಾಡಿ ಹೋಟೆಲಿಗೆ ತಿರುಗಿಸಿದ ಅಂತಲೂ ಆಗುತ್ತದೆ, ಡ್ರೈವರೇ ಹೋಟೆಲ್ ಆಗಿಬಿಟ್ಟ ಅಂತಲೂ ಆಗುತ್ತದೆ. ಮಗನಿಗೆ ಹೇಳಿ, ನಕ್ಕರೆ ಮರೆಯುವುದಿಲ್ಲ.

ಪ್ರಶ್ನೆ (ಮೊದಲಿನ ಟ್ಯಾಕ್ಸಿ ಚಾಲಕರೇ):
ಉಪಕಾರ ಆಯ್ತು ಮಾಸ್ತರೆ. ಕಡೆಯದೊಂದು. ‘ವಿ ರ‍್ಯಾನ್ ಔಟ್ ಆಫ್ ಡೀಸೆಲ್’ ಅಂತಾರಲ್ಲ, ಅಲ್ಲಿ ಓಡಿದ್ದು ಯಾರು?

ಉತ್ತರ:
ಯಾರೂ ಓಡಲಿಲ್ಲ, ಡೀಸೆಲ್ ಖಾಲಿಯಾಯಿತು. ಇದು ಪಟ್ಟಿಯ ಬಗೆ, ಇಡಿಯಾಗಿ ಕಲಿಯಬೇಕು. ಆದರೆ ಜೋಡಣೆ ಹಳೆಯದೇ ನೋಡಿ: ‘ವಿ ರ‍್ಯಾನ್ ಔಟ್’ ಅಂತ ನಿಲ್ಲಿಸಬಹುದು, ಯಾವುದು ಖಾಲಿ ಅಂತ ಹೇಳಬೇಕಾದಾಗ ಮಾತ್ರ ‘ಆಫ್’. ಮುಂದೆ ಹೋದ ಗಾಡಿಯನ್ನು ಹಿಡಿಯುವ ‘ಕ್ಯಾಚ್ ಅಪ್ ವಿತ್’ ಕೂಡ ಹೀಗೆಯೇ, ಗಾಡಿಯ ಹೆಸರು ಬಂದರೆ ‘ವಿತ್’, ಇಲ್ಲದಿದ್ದರೆ ‘ಯು ಗೋ, ಐ ವಿಲ್ ಕ್ಯಾಚ್ ಅಪ್’ ಅಂದರೆ ಮುಗಿಯಿತು.