ಕಲಗಚ್ಚನ್ನು ನಂಬಿ ಹಸು ಸಾಕಬಹುದೇ? ಒಲೆ ಮತ್ತು ಕೊಟ್ಟಿಗೆಯ ಖರ್ಚಿನ ಬಗ್ಗೆ ಸಲಹೆ ಬೇಕು

ಪ್ರಶ್ನೆ: ತುರುವೇಕೆರೆ ಕಡೆಯ ಗೃಹಿಣಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಅತ್ತೆ ಮಾವನವರ ಊರಿಗೆ ಬಂದು ನೆಲೆಸಿ ಒಂದೂವರೆ ವರ್ಷವಾಯಿತು. ಮನೆಯಲ್ಲಿ ಐದು ಜನರಿದ್ದೇವೆ. ಕೊಟ್ಟಿಗೆಯಲ್ಲಿ ಈಗ ದಿನಕ್ಕೆ 6 ಲೀಟರ್ ಕರೆಯುವ ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುವಿದೆ, ಹಿತ್ತಲಲ್ಲಿ ಏಳು ನಾಟಿ ಕೋಳಿಗಳಿವೆ. ಡೇರಿಯ ಬಟವಾಡೆ ಕೈಗೆ ಬಂದ ದಿನವೇ ಅದರ ದೊಡ್ಡ ಪಾಲು ಹಿಂಡಿ ಮತ್ತು ಬೂಸಾದ ಚೀಲಕ್ಕೆ ಹೋಗುತ್ತದೆ, ಉಳಿದದ್ದರಲ್ಲಿ ಬೇಳೆ, ಎಣ್ಣೆ, ತರಕಾರಿ ತರಬೇಕು. ಅಡುಗೆಮನೆಯಲ್ಲಿ ಉಳಿಯುವುದನ್ನೆಲ್ಲ ಬಾನಿಗೆ ಸುರಿದರೆ ಹಿಂಡಿಯ ಖರ್ಚು ತಗ್ಗೀತೆಂದು ನಂಬಿ ಹಾಗೆಯೇ ಮಾಡುತ್ತಿದ್ದೆ. ಆದರೆ ಗೌರಿ ಹಬ್ಬದ ಮರುದಿನ ಮಿಕ್ಕಿದ್ದ ಅನ್ನ, ಪಾಯಸ, ಹೋಳಿಗೆಯ ಹೂರಣವನ್ನು ಒಟ್ಟಿಗೇ ಕೊಟ್ಟೆ. ರಾತ್ರಿಯ ಹೊತ್ತಿಗೆ ಹಸು ಮೆಲುಕು ಹಾಕುವುದನ್ನು ನಿಲ್ಲಿಸಿತು, ಬೆಳಗಾಗುವಷ್ಟರಲ್ಲಿ ಏಳಲಾರದೆ ಮಲಗಿತ್ತು. ವೈದ್ಯರು ಬಂದು ಉಳಿಸಿದರು. ಅಂದಿನಿಂದ ಬಾನಿಯ ಹತ್ತಿರ ಹೋಗಲು ಭಯವಾಗುತ್ತಿದೆ. ಉಳಿದ ಅಡುಗೆಯನ್ನು ಎಷ್ಟರ ಮಟ್ಟಿಗೆ ಕೊಡಬಹುದು, ಮನೆಯ ಊಟಕ್ಕೂ ಕೊಟ್ಟಿಗೆಗೂ ಒಟ್ಟಿಗೆ ಅನುಕೂಲವಾಗುವ ಅಡುಗೆಯ ರೀತಿ ಯಾವುದಾದರೂ ಇದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಅರಸೀಕೆರೆಯ ರೈತ ಮಹಿಳೆ

ತಂಗಿ, ಹಸು ಉಳಿಯಿತಲ್ಲ, ಅದೇ ದೊಡ್ಡದು. ನಿನ್ನ ಎರಡನೆಯ ಪ್ರಶ್ನೆಗೆ ನಾನು ಉತ್ತರ ಹೇಳಬಲ್ಲೆ, ಏಕೆಂದರೆ ನಮ್ಮ ಮನೆಯಲ್ಲಿ ನನ್ನ ಅತ್ತೆಯ ಕಾಲದಿಂದಲೂ ಅದು ನಡೆದುಬಂದಿದೆ. ಉಳಿದದ್ದನ್ನು ದನಕ್ಕೆ ಹಾಕುವುದು ಒಂದು ಬಗೆ, ದನಕ್ಕೆಂದು ಬೇಯಿಸಿದ್ದರಿಂದಲೇ ಮನೆಯವರ ಸಾರನ್ನೂ ತೆಗೆಯುವುದು ಇನ್ನೊಂದು ಬಗೆ. ನಮ್ಮ ಸೀಮೆಯ ಹುರುಳಿಕಟ್ಟಿನ ಸಾರು ಹುಟ್ಟಿದ್ದು ಈ ಎರಡನೆಯ ದಾರಿಯಲ್ಲಿ. ಉಳುವ ಎತ್ತುಗಳಿಗೆ ದೊಡ್ಡ ಮಡಕೆಯಲ್ಲಿ ಹುರುಳಿ ಬೇಯುತ್ತಿತ್ತು. ಕಾಳು ಎತ್ತಿಗೆ ಹೋಗುತ್ತಿತ್ತು, ಬಸಿದ ಕಟ್ಟು ಮನೆಯವರಿಗೆ ಉಳಿಯುತ್ತಿತ್ತು.

ನಾನು ಮಾಡುವ ಕ್ರಮ ಹೀಗಿದೆ. ರಾತ್ರಿ ಅರ್ಧ ಕೆ.ಜಿ. ಹುರುಳಿಯನ್ನು ಕಲ್ಲು ಆರಿಸಿ ತೊಳೆದು ನೆನೆಹಾಕುತ್ತೇನೆ. ಬೆಳಿಗ್ಗೆ ಸೌದೆ ಒಲೆಯ ಮೇಲೆ ಧಾರಾಳವಾಗಿ ನೀರಿಟ್ಟು, ಉಪ್ಪು ಖಾರ ಏನನ್ನೂ ಸೇರಿಸದೆ, ಕಾಳು ಬೆರಳಲ್ಲಿ ಹಿಸುಕಿದರೆ ಮೆತ್ತಗಾಗುವವರೆಗೆ ಬೇಯಿಸಿ ಕಟ್ಟನ್ನು ಬಸಿದುಕೊಳ್ಳುತ್ತೇನೆ. ಬೆಂದ ಕಾಳಿನಲ್ಲಿ ಎರಡು ಹಿಡಿಯನ್ನು ತೆಗೆದಿಟ್ಟು, ಮಿಕ್ಕಿದ್ದು ಚೆನ್ನಾಗಿ ಆರಿದ ಮೇಲೆ ಬೂಸಾದ ಜೊತೆ ಕಲಸಿ ಹಸುವಿಗೆ ಕೊಡುತ್ತೇನೆ. ತೆಗೆದಿಟ್ಟ ಕಾಳನ್ನು ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಜೀರಿಗೆ, ಒಣಮೆಣಸಿನಕಾಯಿ, ಒಂದು ಹೋಳು ಕಾಯಿ, ಹುಣಸೆಹಣ್ಣಿನೊಂದಿಗೆ ನುಣ್ಣಗೆ ರುಬ್ಬಿ, ಕಟ್ಟಿಗೆ ಸೇರಿಸಿ ಕುದಿಸಿದರೆ ಐದು ಜನರಿಗೆ ಎರಡು ಹೊತ್ತಿನ ಸಾರಾಗುತ್ತದೆ. ಬೆಳಿಗ್ಗೆ ಸಂಜೆ ತಪ್ಪದೆ ಮರಳಿಸಿ ಇಟ್ಟರೆ ಮರುದಿನ ಇನ್ನೂ ರುಚಿ. ಮುದ್ದೆಗೆ ಇದಕ್ಕಿಂತ ಮೇಲಾದ ಸಾರನ್ನು ನಾನು ಕಾಣೆ, ಮತ್ತು ಆ ದಿನ ತೊಗರಿಬೇಳೆಯ ಡಬ್ಬಿಯನ್ನು ಮುಟ್ಟಬೇಕಾಗಿಲ್ಲ.

ಬಸ್ಸಾರು ಮಾಡುವ ದಿನ ದಂಟಿನ ಸೊಪ್ಪಿನ ಬಲಿತ ಕಡ್ಡಿಯೂ ಬೇರೂ ದನಕ್ಕೆ, ಎಲೆಯೂ ಎಳೆ ದಂಟೂ ನಮಗೆ. ಅವರೆಕಾಯಿಯ ಕಾಲದಲ್ಲಿ ಸುಲಿದ ಸಿಪ್ಪೆಯನ್ನು ದನ ಆಸೆಪಟ್ಟು ತಿನ್ನುತ್ತದೆ. ಅದನ್ನೂ ಒಣಹುಲ್ಲು ತಿಂದಾದ ಮೇಲೆ ಸ್ವಲ್ಪ ಸ್ವಲ್ಪವೇ ಕೊಡು, ಹಸಿದ ಹೊಟ್ಟೆಗೆ ಒಂದು ಮಂಕರಿ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ. ನಿಮ್ಮದು ತೆಂಗಿನ ಸೀಮೆಯಾದ್ದರಿಂದ ಎಣ್ಣೆಯನ್ನು ಅಂಗಡಿಯಲ್ಲಿ ಕೊಳ್ಳದೆ ಮನೆಯ ಕೊಬ್ಬರಿಯನ್ನೇ ಗಾಣಕ್ಕೆ ಒಯ್ದು, ಎಣ್ಣೆಯ ಜೊತೆ ಹಿಂಡಿಯನ್ನೂ ಮರೆಯದೆ ಮನೆಗೆ ತಾ. ಇನ್ನೊಂದು ಮಾತು: ಹಾಲನ್ನೆಲ್ಲ ಡೇರಿಗೆ ಹಾಕಿ ನೀವು ಕಪ್ಪು ಕಾಫಿ ಕುಡಿಯಬೇಡಿ. ಒಂದೂವರೆ ಲೀಟರ್ ಮನೆಯಲ್ಲಿ ಉಳಿದರೆ ಬೆಣ್ಣೆ, ತುಪ್ಪ ಆಗುತ್ತದೆ, ಮಜ್ಜಿಗೆ ಹುಳಿಯಾದಾಗ ಮಜ್ಜಿಗೆ ಹುಳಿಯನ್ನೇ ಮಾಡಿದರೆ ವಾರದಲ್ಲಿ ಎರಡು ದಿನ ಬೇರೆ ಸಾರಿನ ಖರ್ಚಿಲ್ಲ.

ಉತ್ತರ: ನಿವೃತ್ತ ಪಶುವೈದ್ಯ

ತಾಯಿ, ನಿಮ್ಮ ಹಸುವಿಗೆ ಆದದ್ದನ್ನು ನಾನು ಸೇವೆಯಲ್ಲಿದ್ದ ಕಾಲದಲ್ಲಿ ಪ್ರತಿ ಹಬ್ಬದ, ಪ್ರತಿ ಮದುವೆಯ ಮರುದಿನ ನೋಡಿದ್ದೇನೆ, ಮತ್ತು ಎಲ್ಲ ಹಸುಗಳೂ ಬದುಕಲಿಲ್ಲ. ಹಸುವಿನ ಮೆಲುಕುಚೀಲದಲ್ಲಿ ನಾರನ್ನು ಜೀರ್ಣಿಸುವ ಅಸಂಖ್ಯ ಸೂಕ್ಷ್ಮಜೀವಿಗಳಿರುತ್ತವೆ. ಬೆಂದ ಅನ್ನ, ಮುದ್ದೆ, ಪಾಯಸದಂತಹ ಪಿಷ್ಟ ಮತ್ತು ಸಿಹಿ ಪದಾರ್ಥಗಳು ಒಮ್ಮೆಲೇ ಒಳಗೆ ಹೋದಾಗ ಅವು ಬಹು ವೇಗವಾಗಿ ಹುದುಗಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಆ ಹುಳಿಯಲ್ಲಿ ಉಪಯುಕ್ತ ಜೀವಿಗಳು ಸಾಯುತ್ತವೆ, ಮೈಯ ನೀರು ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳುತ್ತದೆ, ಆಮ್ಲವು ರಕ್ತಕ್ಕೆ ಸೇರುತ್ತದೆ. ಮೆಲುಕು ನಿಲ್ಲುವುದು, ಹಲ್ಲು ಕಡಿಯುವುದು, ಹುಳಿ ವಾಸನೆಯ ತೆಳು ಸಗಣಿ, ತೂರಾಡುವ ನಡಿಗೆ ಇವೆಲ್ಲ ಕ್ರಮವಾಗಿ ಕಾಣುವ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಕಾಯದೆ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ. ವೈದ್ಯರು ಬರುವವರೆಗೆ ಒಣ ರಾಗಿಹುಲ್ಲನ್ನು ಬಿಟ್ಟು ಬೇರೇನನ್ನೂ ಕೊಡಬೇಡಿ. ಮಲಗಿದ ಹಸುವಿನ ಬಾಯಿ ಎತ್ತಿ ಗೊಟ್ಟದಲ್ಲಿ (ಬಿದಿರಿನ ಕೊಳವೆಯಲ್ಲಿ) ಎಣ್ಣೆ, ಕಷಾಯ ಹುಯ್ಯುವುದನ್ನು ದಯವಿಟ್ಟು ಮಾಡಬೇಡಿ. ಅದು ಶ್ವಾಸಕೋಶಕ್ಕೆ ಇಳಿದು, ಉಳಿಯಬಹುದಾಗಿದ್ದ ಪ್ರಾಣವೂ ಹೋಗುತ್ತದೆ.

ಹಾಗೆಂದು ಬಾನಿಗೆ ಹೆದರಬೇಕಾಗಿಲ್ಲ. ಅಕ್ಕಿ, ಬೇಳೆ ತೊಳೆದ ನೀರು, ತರಕಾರಿಯ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ನಿರಾತಂಕವಾಗಿ ಹೋಗಲಿ. ಮಿಕ್ಕ ಅನ್ನ ಅಥವಾ ಮುದ್ದೆ ದಿನಕ್ಕೆ ಒಂದು ಚಿಕ್ಕ ಬಟ್ಟಲನ್ನು ಮೀರದಿರಲಿ, ಅದೂ ಹುಲ್ಲು ತಿಂದ ಮೇಲೆ. ಹಸಿರು ಬಣ್ಣಕ್ಕೆ ತಿರುಗಿದ ಆಲೂಗಡ್ಡೆ, ರಾಶಿ ಈರುಳ್ಳಿ ಸಿಪ್ಪೆ, ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಪ್ಲಾಸ್ಟಿಕ್ ಕವರಿನ ಚೂರು ಇವು ಬಾನಿಯ ಹತ್ತಿರವೂ ಬರಬಾರದು. ಕಲಗಚ್ಚನ್ನು ಅಂದಂದೇ ಖಾಲಿ ಮಾಡಿ ಬಾನಿಯನ್ನು ಉಜ್ಜಿ ತೊಳೆಯಿರಿ.

ಖರ್ಚು ತಗ್ಗಿಸುವ ಜಾಗ ಬಾನಿಯಲ್ಲ, ಮೇವು ಬೆಳೆಯಬಹುದಾದ ಹೊಲದ ಬದು. ಮಿಶ್ರತಳಿ ಹಸುವಿಗೆ ಮೈ ನಿಭಾಯಿಸಲು ಸುಮಾರು 1.5 ಕೆ.ಜಿ., ಪ್ರತಿ ಲೀಟರ್ ಹಾಲಿಗೆ ಸುಮಾರು 400 ಗ್ರಾಂ ಹಿಂಡಿ ಮಿಶ್ರಣ ಬೇಕೆಂಬ ಲೆಕ್ಕದಲ್ಲಿ ನಿಮ್ಮ 6 ಲೀಟರಿನ ಹಸುವಿಗೆ 4 ಕೆ.ಜಿ. ಹತ್ತಿರ ಬರುತ್ತದೆ. ಕುದುರೆ ಮಸಾಲೆ (ಲೂಸರ್ನ್) ಅಥವಾ ಅಲಸಂದೆಯ ಹಸಿ ಮೇವು ಸುಮಾರು 8 ಕೆ.ಜಿ. ದೊರೆತರೆ ಅದರಲ್ಲಿ 1 ಕೆ.ಜಿ. ಉಳಿಸಬಹುದು. ತೆಂಗಿನ ತೋಟದ ಅಂಚಿನಲ್ಲಿ ಅಗಸೆ ಮರ, ನುಗ್ಗೆ ಹಾಕಿದರೆ ಸೊಪ್ಪು ನಿಮಗೂ ಆಯಿತು, ಹಸುವಿಗೂ ಆಯಿತು. ಮೇಲಿನ ಅಕ್ಕನವರ ಹುರುಳಿಯ ಕ್ರಮ ಸರಿಯಾಗಿದೆ. ಹುರುಳಿಯಲ್ಲಿ ನೂರಕ್ಕೆ 22ರಷ್ಟು ಪ್ರೋಟೀನ್ ಇದೆ, ಕಟ್ಟು ಬಸಿದರೂ ಅದರ ಹೆಚ್ಚಿನ ಪಾಲು ಕಾಳಿನಲ್ಲೇ ಉಳಿಯುತ್ತದೆ. ಆದರೆ ಮೊದಲ ದಿನವೇ ಅರ್ಧ ಕೆ.ಜಿ. ಬೇಡ, ಒಂದು ಹಿಡಿಯಿಂದ ಆರಂಭಿಸಿ ಹತ್ತು ಹನ್ನೆರಡು ದಿನಗಳಲ್ಲಿ ಏರಿಸಿ. ದಿನಕ್ಕೆ 30ರಿಂದ 50 ಗ್ರಾಂ ಖನಿಜ ಮಿಶ್ರಣವನ್ನು ಮಾತ್ರ ಉಳಿತಾಯದ ಪಟ್ಟಿಗೆ ಸೇರಿಸಬೇಡಿ.

ಉತ್ತರ: ತೀರ್ಥಹಳ್ಳಿ ಕಡೆಯವರು

ಕೋಳಿಗಳ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಎರಡು ಮಾತು. ಹಸುವಿಗೆ ಅಪಾಯವಾಗುವ ಆ ಮಿಕ್ಕ ಅನ್ನ, ಮುದ್ದೆ ನಿಮ್ಮ ಏಳು ಕೋಳಿಗಳ ಪಾಲಿಗೆ ಒಳ್ಳೆಯ ಆಹಾರ; ಉಪ್ಪಿನಕಾಯಿ ಮತ್ತು ಹೆಚ್ಚು ಉಪ್ಪಿನ ಪದಾರ್ಥ ಬೆರೆಯದಂತೆ ನೋಡಿಕೊಂಡರೆ ಸಾಕು. ಉಳಿದ ಪೌಷ್ಟಿಕಾಂಶವನ್ನು ಅವು ತಿಪ್ಪೆ ಕೆದರಿ ಹುಳುವಿನಿಂದ ಪಡೆಯುತ್ತವೆ. ಮೊಟ್ಟೆಯ ಚಿಪ್ಪನ್ನು ಹುರಿದು ಪುಡಿ ಮಾಡಿ ಹಾಕಿ, ಸುಣ್ಣದಂಶಕ್ಕೆ ಬೇರೆ ಖರ್ಚಿಲ್ಲ. ಕಾವಿಗೆ ಕೂರಿಸುವಾಗ ಹತ್ತು ಹನ್ನೆರಡು ಮೊಟ್ಟೆ ಇಟ್ಟರೆ 21 ದಿನಕ್ಕೆ ಮರಿ. ಆದರೆ ಕೊಕ್ಕರೆ ರೋಗದ (ರಾಣಿಖೇತ್ ರೋಗದ) ಲಸಿಕೆಯನ್ನು ಮರಿಗಳಿಗೆ ಮೊದಲ ವಾರದಲ್ಲಿಯೂ ಮತ್ತೆ ಎಂಟನೆಯ ವಾರದಲ್ಲಿಯೂ ತಪ್ಪದೆ ಹಾಕಿಸಿ. ನಮ್ಮ ಮನೆಯಲ್ಲಿ ಒಂದು ಬೇಸಿಗೆ ಅದನ್ನು ಬಿಟ್ಟು ಇಡೀ ಹಿಂಡನ್ನೇ ಕಳೆದುಕೊಂಡೆವು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಋಣಿ. ಎರಡು ವಾರದಿಂದ ಮಿಕ್ಕ ಅನ್ನ ಕೋಳಿಗೆ ಹೋಗುತ್ತಿದೆ, ಹುರುಳಿಯನ್ನು ಹಿಡಿಯಿಂದ ಆರಂಭಿಸಿ ಈಗ ಅರ್ಧ ಕೆ.ಜಿ.ಗೆ ತಂದಿದ್ದೇನೆ. ಹಸು ಬಾನಿಯನ್ನು ನೆಕ್ಕಿ ಬಿಡುತ್ತದೆ. ಕಟ್ಟಿನ ಸಾರು ಉಂಡ ಮಾವನವರು ತಮ್ಮ ತಾಯಿಯ ಕೈಯಡುಗೆ ನೆನಪಾಯಿತು ಎಂದರು. ಹಸು ಈಗ ಆರು ತಿಂಗಳ ಗಬ್ಬ. ಈ ಕ್ರಮವನ್ನು ಹೀಗೆಯೇ ಮುಂದುವರಿಸಬಹುದೇ?

ಉತ್ತರ: ನಿವೃತ್ತ ಪಶುವೈದ್ಯ

ಧಾರಾಳವಾಗಿ ಮುಂದುವರಿಸಿ. ಏಳು ತಿಂಗಳು ತುಂಬುತ್ತಲೇ ಹಾಲು ಬತ್ತಿಸಿ, ಈಯುವ ಮೊದಲು ಹಸುವಿಗೆ ಎರಡು ತಿಂಗಳ ಬಿಡುವು ಸಿಗಬೇಕು. ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಅದರ ಹೊಟ್ಟೆಗೆ ಹೋಗಲಿ; ಮೊದಲ ದಿನ ಕರುವಿನ ತೂಕದ ಹತ್ತನೆಯ ಒಂದು ಭಾಗ, ಅಂದರೆ 25 ಕೆ.ಜಿ. ಕರುವಿಗೆ ಎರಡೂವರೆ ಲೀಟರ್, ಎರಡು ಮೂರು ಸಲವಾಗಿ ಕುಡಿಸಿ. ಅದಾದ ಮೇಲೆ ಮಿಕ್ಕಿದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ನೀವು ಗಿಣ್ಣು ಮಾಡಿಕೊಳ್ಳಬಹುದು.