ಪದಚರ್ಚೆ: ಸ್ಯಾಕ್ ಆದನೋ, ಮಾಡಿಸಿದರೋ, ಮಾಡಿಸಿಕೊಂಡನೋ?

ಎಲ್ಲರಿಗೂ ನಮಸ್ಕಾರ.

ಇಲ್ಲಿನ ನಮ್ಮ ಕನ್ನಡ ಕೂಟದ ಪತ್ರಿಕೆಗೆ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ವಿಷಯ ಹಳೆಯ ಜಗಳವೇ. ಕ್ವಾರ್ಟರ್‌ಬ್ಯಾಕ್ ಪರದಾಡುತ್ತಿದ್ದರೆ ತಪ್ಪು ಅವನದೋ, ತಂಡದ್ದೋ? ತೊಡಕು ಬಂದಿರುವುದು ಕ್ರಿಯಾಪದಗಳಲ್ಲಿ. ಯಾವುದನ್ನು ಹಾಕಿದರೂ ವಾದ ಶುರುವಾಗುವ ಮೊದಲೇ ತೀರ್ಪು ಹೊರಬಿದ್ದಿರುತ್ತದೆ. ನಿಮ್ಮ ಅಭಿಪ್ರಾಯ ಬೇಕು.

ಆಟ ನೋಡದವರಿಗೆ ಎರಡು ಮಾತು. ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಕೈಗೆ ಬರುತ್ತದೆ. ಯಾರಿಗೆ ಎಸೆಯಬೇಕು ಅಂತ ತೀರ್ಮಾನಿಸುವವನು ಅವನೇ. ಅವನ ಮುಂದೆ ಐದು ಜನ ದಢೂತಿ ಆಟಗಾರರು ಎದುರಾಳಿಗಳಿಗೆ ಅಡ್ಡ ನಿಲ್ಲುತ್ತಾರೆ. ಇದಕ್ಕೆ ಲೈನ್ ಅಂತಾರೆ. ಸಾಮಾನ್ಯವಾಗಿ ಅವನಿಗೆ ಸಿಗುವುದು ಎರಡೂವರೆ, ಮೂರು ಸೆಕೆಂಡು. ಅಷ್ಟರಲ್ಲಿ ಎಸೆಯದೆ ಎದುರಾಳಿ ಕೈಗೆ ಸಿಕ್ಕಿ ನೆಲಕ್ಕೆ ಬಿದ್ದರೆ ಅದು ಸ್ಯಾಕ್. ಕನ್ನಡ ಪತ್ರಿಕೆ ಓದುವವರಿಗೆ ಸ್ಯಾಕ್ ಅಂದರೆ ಕೆಲಸದಿಂದ ವಜಾ ಅಂತ ಹೊಳೆಯಬಹುದು. ಅದಕ್ಕೇ ಮೊದಲ ಸಲ ಬಂದಾಗ ವಿವರಿಸಿ, ಆಮೇಲೆ ಸ್ಯಾಕ್ ಅಂತಲೇ ಬಳಸುತ್ತೇನೆ. ಹೊಸ ಪದ ಕಟ್ಟುವ ಆಸೆ ನನಗಿಲ್ಲ.

ಲೇಖನದ ನಡುಮಧ್ಯ ಇರುವವನು ಡೇವಿಡ್ ಕಾರ್ ಅನ್ನುವ ಕ್ವಾರ್ಟರ್‌ಬ್ಯಾಕ್. 2002ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ತಂಡ ಹೊಸದಾಗಿ ಎನ್‌ಎಫ್‌ಎಲ್ ಅನ್ನುವ ಅಲ್ಲಿನ ವೃತ್ತಿಪರ ಲೀಗ್‌ಗೆ ಬಂತು. ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅಂತಾರೆ. ಆ ವರ್ಷದ ಡ್ರಾಫ್ಟ್‌ನ ಮೊದಲ ಆಯ್ಕೆಯೇ ಕಾರ್. ಮೊದಲ ಪಂದ್ಯದಲ್ಲೇ ಡಲ್ಲಾಸ್ ಕೌಬಾಯ್ಸ್ ತಂಡವನ್ನು 19-10ರಿಂದ ಸೋಲಿಸಿದರು. ಅಲ್ಲಿಂದ ಮುಂದೆ ಇಳಿಜಾರು. 16 ಪಂದ್ಯಗಳಲ್ಲಿ ನಾಲ್ಕು ಗೆಲುವು, 12 ಸೋಲು. ಆ ಒಂದೇ ಋತುವಿನಲ್ಲಿ ಕಾರ್ 76 ಸಲ ಸ್ಯಾಕ್ ಆದ. ಒಂದು ಋತುವಿನ ಮಟ್ಟಿಗೆ ಅದು ಲೀಗ್ ದಾಖಲೆ. 2005ರಲ್ಲಿ ಮತ್ತೆ 68. ಐದು ವರ್ಷಕ್ಕೆ ಒಟ್ಟು 249. 2007ರಲ್ಲಿ ತಂಡ ಅವನನ್ನು ಬಿಟ್ಟುಕೊಟ್ಟಿತು.

ಈಗ ನೋಡಿ, "76 ಸಲ ಸ್ಯಾಕ್ ಆದ" ಅಂತ ಬರೆದೆ. ಬೇರೆ ಎರಡು ರೀತಿಯಲ್ಲೂ ಬರೆಯಬಹುದಿತ್ತು.

ಕ್ರಿಕೆಟ್‌ನಲ್ಲಿ ನಾವು ದಿನಾ ಆಡುವ ಮಾತು ಇದು: "ರನ್‌ಔಟ್ ಆದ", "ರನ್‌ಔಟ್ ಮಾಡಿಸಿದ", "ರನ್‌ಔಟ್ ಮಾಡಿಸ್ಕೊಂಡ". ಮೊದಲನೆಯದು ಸುಮ್ನೆ ನಡೆದದ್ದನ್ನು ಹೇಳುತ್ತದೆ. ಎರಡನೆಯದರಲ್ಲಿ ಆ ಕಡೆಯ ಬ್ಯಾಟರ್ ಕರೆದು, ಅರ್ಧ ದಾರಿಯಲ್ಲಿ ಬೇಡ ಅಂದು ಇವನನ್ನು ಬಲಿಕೊಟ್ಟ. ಮೂರನೆಯದರಲ್ಲಿ ಔಟಾದವನದೇ ಎಡವಟ್ಟು. ವಿವರಣೆಯೇ ಬೇಡ, ಪ್ರತ್ಯಯ ಸಾಕು. ಸ್ಯಾಕ್‌ಗೂ ಇದು ಚೆನ್ನಾಗಿ ಒಪ್ಪುತ್ತದೆ ಅಂತ ನನ್ನ ನಂಬಿಕೆ. ಲೈನ್‌ನ ಎಡತುದಿಯಲ್ಲಿ ನಿಂತವನು ಎದುರಾಳಿಯನ್ನು ತಡೆಯದೆ ಬಿಟ್ಟರೆ "ಸ್ಯಾಕ್ ಮಾಡಿಸಿದ". ಲೈನ್‌ನವರು ತಡೆದು ನಿಂತೇ ಇದ್ದಾರೆ, ಕ್ವಾರ್ಟರ್‌ಬ್ಯಾಕ್ ನಾಲ್ಕು ಸೆಕೆಂಡಾದರೂ ಚೆಂಡು ಹಿಡಿದುಕೊಂಡೇ ಇದ್ದಾನೆ ಅಂದರೆ "ಸ್ಯಾಕ್ ಮಾಡಿಸಿಕೊಂಡ".

ಇದು ಯಾಕೆ ಮುಖ್ಯ ಅಂದರೆ ಅಧಿಕೃತ ಅಂಕಿಅಂಶದಲ್ಲಿ ಈ ವ್ಯತ್ಯಾಸಕ್ಕೆ ಜಾಗವೇ ಇಲ್ಲ. ಕೆಡವಿದವನ ಹೆಸರಿನಲ್ಲಿ ಒಂದು ಸ್ಯಾಕ್ ಜಮಾ, ಬಿದ್ದವನ ಹೆಸರಿನಲ್ಲಿ ಒಂದು ಖರ್ಚು. ಮಧ್ಯೆ ನಿಂತು ದಾರಿ ಬಿಟ್ಟವನ ಹೆಸರು ಎಲ್ಲೂ ಬರುವುದಿಲ್ಲ. ಎಸೆತದಲ್ಲೂ ಹೀಗೇ. ಸರಿಯಾಗಿ ಎಸೆದ ಚೆಂಡು ತನ್ನ ತಂಡದವನ ಎರಡೂ ಅಂಗೈಗೆ ಬಡಿದು ಮೇಲೆ ಚಿಮ್ಮುತ್ತದೆ, ಎದುರಾಳಿ ಅದನ್ನು ಹಿಡಿಯುತ್ತಾನೆ. ಆ ಇಂಟರ್‌ಸೆಪ್ಷನ್ ದಾಖಲಾಗುವುದು ಎಸೆದವನ ಲೆಕ್ಕಕ್ಕೆ! ಕೈಗೆ ಬಂದದ್ದನ್ನು ಬಿಟ್ಟವನು ಬಚಾವ್. ಅಂಕಿಅಂಶ ಅನ್ಯಾಯ ಮಾಡಿದ ಕಡೆ ಭಾಷೆಯಾದರೂ ನ್ಯಾಯ ಮಾಡಬೇಕಲ್ವಾ?

ಕಾರ್ ವಿಷಯದಲ್ಲಿ ನನ್ನ ಒಲವು "ಮಾಡಿಸಿದರು" ಕಡೆಗೇ ಜಾಸ್ತಿ. ಟೋನಿ ಬೊಸೆಲಿ ಅಂತ ಜಾಕ್ಸನ್‌ವಿಲ್‌ನಲ್ಲಿ ಹೆಸರು ಮಾಡಿದ್ದ ಆಟಗಾರ. ಲೈನ್‌ನ ಎಡತುದಿ ಅವನ ಜಾಗ. ಬಲಗೈಯಲ್ಲಿ ಎಸೆಯುವವನಿಗೆ ಅದು ಬೆನ್ನ ಹಿಂದಿನ, ಕಣ್ಣಿಗೆ ಬೀಳದ ಬದಿ. ಕ್ವಾರ್ಟರ್‌ಬ್ಯಾಕ್‌ನ ಆ ಬದಿ ಕಾಯಲಿ ಅಂತಲೇ ಹ್ಯೂಸ್ಟನ್ ಅವನನ್ನು ತಂದಿತ್ತು. ಆದರೆ ಭುಜದ ಗಾಯದಿಂದ ಅವನು ಟೆಕ್ಸನ್ಸ್ ಪರ ಒಂದು ಪಂದ್ಯವನ್ನೂ ಆಡಲಿಲ್ಲ. 22-23ರ ಹುಡುಗನನ್ನು ಅಂಥ ಲೈನ್ ಹಿಂದೆ ನಿಲ್ಲಿಸಿ, ಪಂದ್ಯಕ್ಕೆ ಸರಾಸರಿ ಐದರ ಹತ್ತಿರ ಪೆಟ್ಟು ತಿನ್ನಿಸಿ, ಆಮೇಲೆ "ಇವನಿಗೆ ಆಟ ಬರಲ್ಲ" ಅಂದರೆ ಒಪ್ಪುವುದು ಕಷ್ಟ. ಕಾರ್ ಚೆಂಡನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳುತ್ತಿದ್ದ ಅನ್ನುವ ದೂರು ಸುಳ್ಳೇನಲ್ಲ. ಹಾಗಾಗಿ 76ರಲ್ಲಿ ಕೆಲವಾದರೂ "ಮಾಡಿಸಿಕೊಂಡ" ಲೆಕ್ಕದವು. ಒಟ್ಟು ಸಂಖ್ಯೆ ಹೇಳುವಾಗ "ಆದ" ಅನ್ನೋಣ, ಒಂದೊಂದೇ ಸ್ಯಾಕ್ ಬಿಡಿಸಿ ಹೇಳುವಾಗ ಉಳಿದೆರಡನ್ನು ಬಳಸೋಣ. ಇದು ನನ್ನ ಸಲಹೆ.

ಇನ್ನೊಂದು ಮಾತು ನನ್ನನ್ನು ಬಹಳ ಕಾಡಿದೆ. 2019ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್‌ನ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಾಲ್ಡ್, ಪೇಟ್ರಿಯಟ್ಸ್ ಎದುರು 33-0 ಸೋಲಿನ ನಡುವೆ ಬೆಂಚಿನಲ್ಲಿ ಕೂತು ತನಗೆ ದೆವ್ವ ಕಾಣಿಸ್ತಿದೆ ಅಂದ. ಮೈಕ್ ಹಾಕಿಕೊಂಡಿದ್ದರಿಂದ ಅದು ಟಿವಿಯಲ್ಲೂ ಬಂತು. ಪೆಟ್ಟು ತಿಂದು ತಿಂದು, ಯಾರೂ ಬರದಿದ್ದರೂ ಬಂದಂತೆ ಭಾಸವಾಗುವುದಕ್ಕೆ ಆ ಆಟದವರು ಹೀಗೆ ಹೇಳುತ್ತಾರೆ. "ಭೂತ" ಅಂತ ಹಾಕಿದರೆ ಕರಾವಳಿಯವರಿಗೆ ಬೇರೆಯೇ ಅರ್ಥ, ಅಲ್ಲಿ ಭೂತ ಅಂದರೆ ದೈವ. "ಹಗ್ಗವೂ ಹಾವಾಗಿ ಕಾಣ್ತಿದೆ" ಅಂತ ಬರೆದರೆ ಹೇಗೆ? ಹಾವು ಕಚ್ಚಿಸಿಕೊಂಡವನಿಗೇ ಹಗ್ಗದ ಭಯ ಅನ್ನುವುದೂ ಅದರಲ್ಲಿ ಬರುತ್ತದೆ. ಆದರೆ ಅವನು ಆಡಿದ ಮಾತನ್ನು ಬದಲಿಸಿದಂತಾಗುತ್ತದೇನೋ ಅನ್ನುವ ಅಳುಕಿದೆ. ಇದೇ ಡಾರ್ನಾಲ್ಡ್ 2024ರಲ್ಲಿ ಮಿನೆಸೋಟ ವೈಕಿಂಗ್ಸ್‌ಗೆ ಹೋಗಿ 17ರಲ್ಲಿ 14 ಪಂದ್ಯ ಗೆಲ್ಲಿಸಿದ. ಮುಂದೆ ಪ್ಲೇಆಫ್‌ನಲ್ಲಿ ರ‍್ಯಾಮ್ಸ್ ಎದುರು ಒಂಬತ್ತು ಸಲ ಸ್ಯಾಕ್. ಅವುಗಳಲ್ಲಿ ಕೆಲವಕ್ಕೆ ನಾನೇ "ಮಾಡಿಸಿಕೊಂಡ" ಅಂತ ಬರೆಯುತ್ತೇನೆ.

ತಲೆಬರಹಕ್ಕೆ ಕೂಟದವರೊಬ್ಬರು "ಕುಣಿಯಲಾರದವಳು ನೆಲ ಡೊಂಕು ಅಂದಳು" ಸೂಚಿಸಿದರು. ಇನ್ನೊಬ್ಬರು "ಎತ್ತಿಗೆ ಜ್ವರ, ಎಮ್ಮೆಗೆ ಬರೆ" ಅಂದರು. ಎರಡೂ ಒಂದೊಂದು ಪಕ್ಷ ಹಿಡಿದಿವೆ, ಬೇಡ ಅಂದೆ. "ತಂಡ ಕೈಕೊಟ್ಟಿತು" ಅನ್ನುವುದೂ ನನಗೆ ಹಿಡಿಸಲಿಲ್ಲ. ಕೈಕೊಡುವುದರಲ್ಲಿ ಮೋಸದ ಛಾಯೆ ಇದೆ. ಲೈನ್‌ನವರು ಮೋಸ ಮಾಡಿಲ್ಲ, ಅವರ ಕೈಲಿ ಆಗಲಿಲ್ಲ, ಅಷ್ಟೆ.

ನಿಮ್ಮಲ್ಲಿ ಕೇಳುವುದು ಇಷ್ಟು. "ಮಾಡಿಸಿಕೊಂಡ" ಅಂದಾಗ ನಿಮಗೂ ಅವನದೇ ತಪ್ಪು ಅಂತ ಕೇಳಿಸುತ್ತದೆಯೇ? ಅಥವಾ ನಿಮ್ಮ ಕಡೆ ಅದು ಬರೀ "ಆದ" ಅನ್ನುವಷ್ಟೇ ತಟಸ್ಥವೇ? ಧಾರವಾಡ, ಕಲಬುರಗಿ ಕಡೆಯವರು ಮುಖ್ಯವಾಗಿ ಹೇಳಬೇಕು. ಹಾಗೇ ಕಬಡ್ಡಿ ಆಡಿದವರು ಯಾರಾದರೂ ಇದ್ದರೆ, ಜತೆಯವರು ಸರಿಯಾಗಿ ಹಿಡಿಯದೆ ನೀವು ಔಟಾದಾಗ ಅಂಕಣದಲ್ಲಿ ಏನಂತ ಬೈಯುತ್ತಿದ್ದಿರಿ, ಆ ಪದವನ್ನೂ ಕಳಿಸಿ.